ಗಂಧರ್ವರ ಪಕ್ಕ ನಿಂತ ಬೀಳಗಿಯ ಹೆಣ್ಣುಮಗಳು

ನಮ್ಮ ಅಜ್ಜ ಕಂಪನಿ ನಾಟಕಗಳಲ್ಲಿ ಕಾಲುಪೆಟ್ಟಿಗೆ, ಅಂದರೆ ಕಾಲಿನಿಂದ ತಿದಿ ಒತ್ತುವ ಹಾರ್ಮೋನಿಯಂ, ಬಾರಿಸುತ್ತಿದ್ದರು. ಊರವರಿಗೆಲ್ಲ ಅವರು ಪೆಟ್ಟಿಗೆ ಮಾಸ್ತರು. ನಾನು ಹುಟ್ಟುವ ಹೊತ್ತಿಗೆ ತಿರುಗಾಟ ಬಿಟ್ಟು ಜಮಖಂಡಿಯ ಮನೆ ಸೇರಿಕೊಂಡಿದ್ದರು. ಅವರು ಹೋದ ಮೇಲೆ ಒಂದು ಟ್ರಂಕು ಉಳಿಯಿತು. ಅದರೊಳಗೆ ಹಳೆಯ ಧೋತರದಲ್ಲಿ ಸುತ್ತಿಟ್ಟ ಗ್ರಾಮಫೋನ್ ತಟ್ಟೆಗಳು. ಹೆಚ್ಚಿನವು ಮರಾಠಿ ನಾಟಕದ ಪದಗಳು.

ಬೇಸಿಗೆ ರಜೆಯಲ್ಲಿ ಅಜ್ಜಿ ಅವನ್ನು ತೆಗೆದು ಒರೆಸಿ ಹಚ್ಚುತ್ತಿದ್ದಳು. ಒಂದು ತಟ್ಟೆಯಲ್ಲಿ ಒಂದು ಹೆಂಗಸು ಹಾಡುತ್ತಿದ್ದಾಳೆ ಅಂತ ನಾನು ತಿಳಿದುಕೊಂಡಿದ್ದೆ. ಮೃದುವಾದ ಧ್ವನಿ. ಮಾತಾಡಿದಷ್ಟು ಸಲೀಸಾಗಿ ಹಾಡು. ಅಜ್ಜಿ ತಿದ್ದಿದಳು. "ಅದು ಹೆಂಗಸಲ್ಲವ್ವಾ. ಬಾಲಗಂಧರ್ವ. ಗಂಡಸು." ಆಮೇಲೆ ಇನ್ನೊಂದು ತಟ್ಟೆ ಹಚ್ಚಿದಳು. "ಇದು ನೋಡು, ಇದು ಹೆಂಗಸಿಂದು. ನಮ್ಮ ಬೀಳಗಿ ಗೋಹರಬಾಯಿ." ನನಗೆ ಎರಡಕ್ಕೂ ಫರಕು ಗೊತ್ತಾಗಲಿಲ್ಲ. ಅದೇ ತಿರುವು, ಅದೇ ಎಳೆತ, ಸ್ವರಗಳನ್ನು ಓಡಿಸುವ ಅದೇ ತಾನು. ಬೀಳಗಿ ಅಂದರೆ ನಮಗೆ ಪಕ್ಕದ ಊರು. ಅಲ್ಲಿಯ ಒಬ್ಬ ಹೆಣ್ಣುಮಗಳು ಮರಾಠಿಯ ಅಷ್ಟು ದೊಡ್ಡ ನಟನ ಹಾಗೆ ಹಾಡಿದ್ದಳು ಅನ್ನುವುದು ಆಗ ದೊಡ್ಡ ಸಂಗತಿ ಅನ್ನಿಸಲಿಲ್ಲ. ಪಕ್ಕದೂರಿನವರ ವಿಷಯ ಹಾಗೇ ಅಲ್ವಾ.

ಅದು ದೊಡ್ಡ ಸಂಗತಿ ಅಂತ ಅನ್ನಿಸಿದ್ದು ಪುಣೆಯಲ್ಲಿ. ಕೆಲಸದ ಮೇಲೆ ಕೆಲವು ವರ್ಷ ಅಲ್ಲಿದ್ದೆ. ಹಳೆಯ ಧ್ವನಿಮುದ್ರಿಕೆ ಕೇಳುವ ಹಿರಿಯರ ಒಂದು ಸಣ್ಣ ಗುಂಪಿಗೆ ಭಾನುವಾರಗಳಂದು ಹೋಗುತ್ತಿದ್ದೆ. ಒಂದು ದಿನ ಬಾಲಗಂಧರ್ವರ ಪದ ಮುಗಿದ ಮೇಲೆ ಒಬ್ಬರು ನಿಟ್ಟುಸಿರು ಬಿಟ್ಟು ಹೇಳಿದರು: "ಎಲ್ಲ ಚೆನ್ನಾಗಿತ್ತು. ಆ ಬಾಯಿ ಬಂದಳು, ಕಂಪನಿ ಮುಳುಗಿತು." ಕೂತಿದ್ದವರೆಲ್ಲ ತಲೆಯಾಡಿಸಿದರು. ಆ ಬಾಯಿ ಅಂದರೆ ನಮ್ಮ ಗೋಹರಬಾಯಿ, ಕಂಪನಿ ಅಂದರೆ ಬಾಲಗಂಧರ್ವರ ನಾಟಕ ಮಂಡಳಿ. ನಾನು ಅಲ್ಲಿ ಏನೂ ಮಾತಾಡಲಿಲ್ಲ. ಮಾತಾಡುವಷ್ಟು ನನಗೆ ಗೊತ್ತಿರಲಿಲ್ಲ. ಆದರೆ ಮನಸ್ಸಿಗೆ ತುಂಬ ನೋವಾಯಿತು. ಅವತ್ತಿನಿಂದ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದೆ. ಈ ಬರಹ ಆ ಓದಿನಿಂದ ಹುಟ್ಟಿದ್ದು.

ಮೊದಲು ಒಂದು ಮಾತು. ಮರಾಠಿ ಸಂಗೀತ ನಾಟಕ ನಮಗೆ ಹೊರಗಿನದಲ್ಲ. ಕರ್ನಾಟಕದಿಂದ ಹೋದ ಒಂದು ಭಾಗವತರ ಮೇಳ ಸಾಂಗಲಿಯ ದೊರೆಯ ಎದುರು ಆಟ ಆಡಿತ್ತು. ಅದನ್ನು ನೋಡಿದ ದೊರೆ, ಮರಾಠಿಯಲ್ಲೂ ಹೀಗೊಂದು ಮಾಡು ಅಂತ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ಸೀತಾ ಸ್ವಯಂವರದ ಆಟ ಆಯಿತು. ಮರಾಠಿ ರಂಗಭೂಮಿಯ ಚರಿತ್ರೆ ಶುರುವಾಗುವುದೇ ಅಲ್ಲಿಂದ. ಮುಂದೆ 1880ರಲ್ಲಿ ಪುಣೆಯಲ್ಲಿ ಸಂಗೀತ ಶಾಕುಂತಲ ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಮಲಪ್ರಭೆಯ ದಂಡೆಯ ಊರು ಅದು. ನಟರೇ ರಂಗದ ಮೇಲೆ ನಿಂತು ಪದ ಹಾಡುತ್ತ ಕಥೆ ನಡೆಸುವ ಪದ್ಧತಿ ಗಟ್ಟಿಯಾದದ್ದು ಅವರಿಂದ.

ಅದೇ ಹೊತ್ತಿಗೆ ಇತ್ತ ಗದಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕ ಕಟ್ಟಲು ಒದ್ದಾಡುತ್ತಿದ್ದರು. ನಮ್ಮ ಜನ ಮರಾಠಿ ನಾಟಕಕ್ಕೆ ಮುಗಿಬೀಳುವುದು ನೋಡಿ ಅವರಿಗೆ ಸಂಕಟ. ಇಷ್ಟು ಹತ್ತಿರದ ನೆರೆಹೊರೆ ಇದು. ಕೊಟ್ಟಿದ್ದೆಷ್ಟು, ತಂದಿದ್ದೆಷ್ಟು ಅಂತ ಲೆಕ್ಕ ಇಡಲು ಆಗುವುದಿಲ್ಲ.

ನಾರಾಯಣ ಶ್ರೀಪಾದ ರಾಜಹಂಸ ಹುಟ್ಟಿದ್ದು 1888ರ ಜೂನ್ 26ರಂದು. ಚಿಕ್ಕ ಹುಡುಗನಾಗಿದ್ದಾಗ ಅವನ ಹಾಡು ಕೇಳಿ ಲೋಕಮಾನ್ಯ ತಿಲಕರು ಬಾಲಗಂಧರ್ವ ಅಂದರು. ಆ ಹೆಸರೇ ನಿಂತಿತು. 1905ರಲ್ಲಿ ಕಿರ್ಲೋಸ್ಕರ ನಾಟಕ ಮಂಡಳಿ ಸೇರಿದ. ಆಗ ಅಣ್ಣಾಸಾಹೇಬರು ತೀರಿಕೊಂಡು ಇಪ್ಪತ್ತು ವರ್ಷ. ಮಂಡಳಿಯಲ್ಲಿ ಹೆಣ್ಣು ಪಾರ್ಟು ಮಾಡುತ್ತಿದ್ದ ದೊಡ್ಡ ಗಾಯಕ ಭಾವೂರಾವ್ ಕೋಲ್ಹಟಕರರೂ 1901ರಲ್ಲಿ ಹೋಗಿಬಿಟ್ಟಿದ್ದರು. ಆ ಖಾಲಿ ಜಾಗಕ್ಕೆ ಹದಿನೇಳರ ಈ ಹುಡುಗ ಬಂದ. ಶಕುಂತಲೆಯಾದ, ಸುಭದ್ರೆಯಾದ.

ಹಾಡುವ ನಟನ ಕೆಲಸ ಅಂದರೆ ಏನು ಅಂತ ಇಲ್ಲಿ ಸ್ವಲ್ಪ ನಿಂತು ನೋಡಬೇಕು. ರಾತ್ರಿ ಊಟ ಮುಗಿಸಿ ಜನ ಬರುತ್ತಿದ್ದರು. ನಾಂದಿಯಿಂದ ಶುರುವಾದರೆ ಆಟ ಮುಗಿಯುವುದು ಬೆಳಗಿನ ಜಾವಕ್ಕೆ. ಮೈಕು ಇಲ್ಲ. ಹಿಂದಿನ ಸಾಲಿನ ಚಾಪೆಯವನಿಗೂ ಮಾತು ತಿಳಿಯಬೇಕು. ಒಂದು ನಾಟಕದಲ್ಲಿ ಹತ್ತಾರು ಪದ. ಜನಕ್ಕೆ ಹಿಡಿಸಿದರೆ "ವನ್ಸ್ ಮೋರ್" ಕೂಗು. ಅದೇ ಪದ ಎರಡನೇ ಸಲ, ಮೂರನೇ ಸಲ. ಅಷ್ಟು ಹೊತ್ತೂ ಒಂಬತ್ತು ಗಜದ ಸೀರೆ, ಒಡವೆ, ಬಣ್ಣ, ಗ್ಯಾಸ್ ಬತ್ತಿಯ ಬಿಸಿ. ಮರುದಿನ ಇನ್ನೊಂದು ನಾಟಕ. ಕ್ಯಾಂಪು ಮುಗಿದರೆ ಪರದೆ ಸುತ್ತಿ, ಪೆಟ್ಟಿಗೆ ಕಟ್ಟಿ ಇನ್ನೊಂದು ಊರು. ನಮ್ಮ ಅಜ್ಜ ಹೇಳುತ್ತಿದ್ದರಂತೆ, ಕಂಪನಿಯಲ್ಲಿ ನಿದ್ದೆ ಅನ್ನುವುದು ರೈಲಿನಲ್ಲಿ ಮಾತ್ರ ಅಂತ.

ಬಾಲಗಂಧರ್ವರು ಕಳ್ಳದನಿ ಮಾಡಿ ಹಾಡುತ್ತಿರಲಿಲ್ಲ. ಹೆಣ್ಣು ಪಾರ್ಟಿಗೆ ಅಂತ ಧ್ವನಿ ಸಣ್ಣ ಮಾಡುತ್ತಿರಲಿಲ್ಲ. ತಮ್ಮ ಸಹಜ ಧ್ವನಿಯಲ್ಲೇ ಹಾಡಿದರು. ಹೆಣ್ಣುತನ ಬರುತ್ತಿದ್ದದ್ದು ಧ್ವನಿಯ ಎತ್ತರದಿಂದ ಅಲ್ಲ, ಅದನ್ನು ಬಳಸುವ ರೀತಿಯಿಂದ. ಸ್ವಯಂವರ ನಾಟಕದ ಯಮನ್ ರಾಗದ ಒಂದು ಪದ ಇದೆ, ರುಕ್ಮಿಣಿ ಕೃಷ್ಣನನ್ನು ನೆನೆದು ನನ್ನ ಒಡೆಯ ಅನ್ನುವ ಪದ. ಸುಮ್ನೆ ಕಣ್ಣು ಮುಚ್ಚಿ ಕೇಳಿ. ಯಮನ್ ಪೂರ್ತಿ ಇದೆ. ತಾನುಗಳೂ ಇವೆ. ಆದರೆ ಯಾವ ತಾನೂ ರುಕ್ಮಿಣಿಯನ್ನು ಬಿಟ್ಟು ಹೊರಗೆ ಹೋಗುವುದಿಲ್ಲ. ನನ್ನ ಒಡೆಯ ಅನ್ನುವಾಗ ಒಂದು ಚೂರು ನಾಚಿಕೆ, ಒಂದು ಚೂರು ಹೆಮ್ಮೆ. ಬೈಠಕ್ಕಿನಲ್ಲಿ, ಅಂದರೆ ಕಛೇರಿಯಲ್ಲಿ, ಕೂತು ಹಾಡುವ ಗವಾಯಿಗಳಿಗೆ ಈ ಕಟ್ಟು ಇಲ್ಲ. ಅವರು ರಾಗದ ಹಿಂದೆ ಎಲ್ಲಿಗೆ ಬೇಕಾದರೂ ಹೋಗಬಹುದು. ನಟ ಹಾಗೆ ಹೋದರೆ ಪಾತ್ರ ರಂಗದ ಮೇಲೆ ಒಂಟಿಯಾಗಿ ನಿಂತುಬಿಡುತ್ತದೆ.

1911ರ ಮಾರ್ಚ್ 12. ಖಾಡಿಲಕರರ ಮಾನಾಪಮಾನ ನಾಟಕದ ಮೊದಲ ಆಟ. ಗೋವಿಂದರಾವ್ ಟೆಂಬೆಯವರು ಹೊಸ ಮಟ್ಟುಗಳನ್ನು ಹಾಕಿದ್ದರು. ಬಾಲಗಂಧರ್ವರು ನಾಯಕಿ ಭಾಮಿನಿ. ಅದೇ ದಿನ ಅವರ ಪುಟ್ಟ ಮಗಳು ತೀರಿಕೊಂಡಳು. ಆಟ ನಿಲ್ಲಲಿಲ್ಲ. ಅವರು ಬಣ್ಣ ಹಚ್ಚಿಕೊಂಡು ಬಂದು ಹಾಡಿದರು. ಈ ಸಂಗತಿಯನ್ನು ಮರಾಠಿಯವರು ದೊಡ್ಡ ತ್ಯಾಗದ ಕಥೆಯಾಗಿ ಹೇಳುತ್ತಾರೆ. ನನಗೆ ಪ್ರತಿ ಸಲ ಕೇಳಿದಾಗಲೂ ಆ ಮಗುವಿನ ತಾಯಿ ಲಕ್ಷ್ಮೀಬಾಯಿಯವರ ನೆನಪಾಗುತ್ತದೆ. ಗಂಡ ಥಿಯೇಟರಿನಲ್ಲಿ, ಆಕೆ ಮನೆಯಲ್ಲಿ. ಆ ರಾತ್ರಿ ಆಕೆ ಹೇಗೆ ಕಳೆದಿರಬಹುದು?

1913ರಲ್ಲಿ ಬಾಲಗಂಧರ್ವರು, ಟೆಂಬೆ, ಗಣಪತರಾವ್ ಬೋಡಸ ಮೂವರೂ ಕಿರ್ಲೋಸ್ಕರ ಮಂಡಳಿ ಬಿಟ್ಟು ಹೊರಬಂದರು. ಗಂಧರ್ವ ನಾಟಕ ಮಂಡಳಿ ಹುಟ್ಟಿತು. ಮುಂದಿನ ಹತ್ತು ವರ್ಷ ಅವರ ಚಿನ್ನದ ಕಾಲ. 1916ರಲ್ಲಿ ಸ್ವಯಂವರ ಬಂತು. ಅದಕ್ಕೆ ಸಂಗೀತ ಕೂಡಿಸಿದವರು ಭಾಸ್ಕರಬುವಾ ಬಖಲೆ. ಅವರು ನಮ್ಮ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಕಲಿಸಿದವರು. ಧಾರವಾಡದ ಹಳಬರು ಅವರ ಹೆಸರು ಇವತ್ತಿಗೂ ಗೌರವದಿಂದ ಹೇಳುತ್ತಾರೆ. ಮನೆತನಗಳ ಒಳಗೆ ಮುಚ್ಚಿಟ್ಟಿದ್ದ ಚೀಜುಗಳ, ಅಂದರೆ ರಾಗದ ರಚನೆಗಳ, ಚೆಲುವನ್ನು ಭಾಸ್ಕರಬುವಾ ನಾಟಕದ ಪದಗಳಿಗೆ ತಂದು ಹಾಕಿದರು. ಹತ್ತಿ ಮಾರುವವನೂ, ಗುಮಾಸ್ತನೂ, ಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬಂದವನೂ ಯಮನ್, ಭೀಮಪಲಾಸ, ಬಿಹಾಗ ಗುನುಗುವಂತಾಯಿತು. ಶಾಸ್ತ್ರೀಯ ಸಂಗೀತ ಜನರ ಬಾಯಿಗೆ ಬಂದದ್ದು ಸಭೆಗಳಿಂದ ಮಾತ್ರ ಅಲ್ಲ. ನಾಟಕದ ಪಾಲೇ ಜಾಸ್ತಿ ಅಂತ ನನ್ನ ನಂಬಿಕೆ. ನಮ್ಮ ಕಡೆಯೂ ಅಷ್ಟೇ. ಮಲ್ಲಿಕಾರ್ಜುನ ಮನಸೂರರು ಹುಡುಗನಾಗಿ ಮೊದಲು ಹೆಜ್ಜೆ ಇಟ್ಟದ್ದು ನಾಟಕದ ಕಂಪನಿಯಲ್ಲಿ. ಬಸವರಾಜ ರಾಜಗುರುಗಳು ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಇದ್ದವರು. ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳನ್ನು ಕಟ್ಟಿಕೊಂಡು ನಾಟ್ಯ ಸಂಘವನ್ನೇ ನಡೆಸಿದರು.

ಗಂಧರ್ವ ಮಂಡಳಿಯಲ್ಲಿ ಆರ್ಗನ್ ಇತ್ತು, ಸಾರಂಗಿಯ ಸಾಥ್ ಇತ್ತು. ಕಾದರ್ ಬಕ್ಷರ ಸಾರಂಗಿ. ತಬಲಾಕ್ಕೆ ಸಾಕ್ಷಾತ್ ಅಹಮದ್ ಜಾನ್ ಥಿರಕವಾ. ಯಾವ ಸಂಸ್ಥಾನದ ದರ್ಬಾರಿನಲ್ಲಾದರೂ ಮರ್ಯಾದೆಯಿಂದ ಕೂರಬಹುದಾಗಿದ್ದ ಉಸ್ತಾದರು ರಂಗದ ಮುಂದಿನ ಪಿಟ್ಟಿನಲ್ಲಿ ಕೂತು ನುಡಿಸಿದರು. ನಮ್ಮ ಅಜ್ಜ ಈ ಮಾತು ಬಂದಾಗಲೆಲ್ಲ ಎರಡೂ ಕೈಯಿಂದ ಕಿವಿ ಮುಟ್ಟಿಕೊಳ್ಳುತ್ತಿದ್ದರು.

ಒಡವೆ, ಶಾಲು ಸೀರೆ, ಅತ್ತರು, ಪರದೆ, ಯಾವುದರಲ್ಲೂ ಕಡಿಮೆ ಇಲ್ಲ. ಒಳ್ಳೆಯ ಮನೆತನದ ಹೆಂಗಸರು ಅವರ ಸೀರೆ ಉಡುವ ರೀತಿ, ತುರುಬು ಕಟ್ಟುವ ರೀತಿ ನೋಡಿ ತಾವೂ ಹಾಗೇ ಮಾಡಿದರು. ಹಾಗಂತ ಬರೀ ಥಳಕಿನ ನಟ ಅಲ್ಲ ಅವರು. 1919ರಲ್ಲಿ ಏಕಚ ಪ್ಯಾಲಾ ನಾಟಕದಲ್ಲಿ ಕುಡುಕನ ಹೆಂಡತಿ ಸಿಂಧೂ ಆದರು. ಬರೆದ ರಾಮ ಗಣೇಶ ಗಡಕರಿಯವರು ಆ ವರ್ಷದ ಜನವರಿಯಲ್ಲೇ ತೀರಿಕೊಂಡರು, ತಮ್ಮ ನಾಟಕ ರಂಗಕ್ಕೆ ಬಂದದ್ದನ್ನು ನೋಡಲಿಲ್ಲ. ರುಕ್ಮಿಣಿಯ ಒಡವೆ ಕಳಚಿಟ್ಟು, ತೇಪೆ ಹಾಕಿದ ಸೀರೆಯಲ್ಲಿ ಬೀಸುಕಲ್ಲಿನ ಮುಂದೆ ಕೂತ ಸಿಂಧೂವನ್ನು ನೋಡಿ ಜನ ಅತ್ತರು. ಸುಂದರಿಯ ಪಾರ್ಟಿಗೆ ಹೆಸರಾದವರು ಹೀಗೆ ಬಡವಿಯಾಗಿ ಬಂದು ನಿಲ್ಲಲು ಧೈರ್ಯ ಬೇಕು.

1921ರ ಜುಲೈ 8ರಂದು ಮುಂಬೈಯಲ್ಲಿ ಸಂಯುಕ್ತ ಮಾನಾಪಮಾನ ಆಯಿತು. ಎದುರಾಳಿ ಕಂಪನಿಯ ಕೇಶವರಾವ್ ಭೋಸಲೆ ನಾಯಕ ಧೈರ್ಯಧರ, ಬಾಲಗಂಧರ್ವರು ಭಾಮಿನಿ. ಹಣ ತಿಲಕ್ ಸ್ವರಾಜ್ಯ ನಿಧಿಗೆ. ಇಬ್ಬರು ಗಾಯಕ ನಟರು ಒಬ್ಬರಿಗೊಬ್ಬರು ಸೋಲದೆ ಹಾಡಿದ ಆ ರಾತ್ರಿಯ ವರ್ಣನೆ ಓದಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮೂರೇ ತಿಂಗಳಿಗೆ ಕೇಶವರಾಯರು ತೀರಿಕೊಂಡರು.

ನನ್ನ ಪುಣೆಯ ಹಿರಿಯರು ಮರೆತದ್ದು ಇಲ್ಲಿದೆ. ಅದೇ 1921ರ ಸುಮಾರಿಗೆ ಮಂಡಳಿಯ ಲೆಕ್ಕ ತೆಗೆದರು. ಲಕ್ಷ ರೂಪಾಯಿಗೂ ಮೀರಿದ ಸಾಲ! ಆ ಕಾಲದ ಲಕ್ಷ. ಥಿಯೇಟರು ತುಂಬುತ್ತಿತ್ತು, ದುಡ್ಡು ಬರುತ್ತಿತ್ತು, ಬಂದಷ್ಟೇ ವೇಗದಲ್ಲಿ ಹೋಗುತ್ತಿತ್ತು. ಬಾಲಗಂಧರ್ವರಿಗೆ ಲೆಕ್ಕದ ಗೊಡವೆ ಇರಲಿಲ್ಲ. ರಂಗದ ಮೇಲೆ ಕಾಣುವುದು ಸಾಚಾ ಇರಬೇಕು, ಕಲಾವಿದರ ಊಟ ಚೆನ್ನಾಗಿರಬೇಕು, ಅಷ್ಟೇ ಅವರ ಯೋಚನೆ. ಸಾಲವನ್ನು ತಮ್ಮ ತಲೆಯ ಮೇಲೆ ಹೊತ್ತುಕೊಂಡು ವರ್ಷಗಟ್ಟಲೆ ಹಾಡಿ ತೀರಿಸಿದರು. ಅಂಥ ಮನುಷ್ಯ. ಆಗ ಗೋಹರಬಾಯಿ ಆ ಮಂಡಳಿಯ ಹತ್ತಿರವೂ ಸುಳಿದಿರಲಿಲ್ಲ.

ಆಮೇಲೆ ಟಾಕಿ, ಅಂದರೆ ಮಾತಾಡುವ ಸಿನಿಮಾ, ಬಂತು. 1931ರಲ್ಲಿ ಹಿಂದಿಯಲ್ಲಿ, 1932ರಲ್ಲಿ ಮರಾಠಿಯಲ್ಲಿ, 1934ರಲ್ಲಿ ನಮ್ಮ ಕನ್ನಡದಲ್ಲಿ. ರಾತ್ರಿಯಿಡೀ ಕೂತು ನೋಡುವ ಜನ ಎರಡೂವರೆ ತಾಸಿನ ಆಟಕ್ಕೆ ಹೋದರು. ನಾಟಕದ ಥಿಯೇಟರುಗಳೇ ಟಾಕೀಸುಗಳಾದವು. ಎಷ್ಟೋ ಕಂಪನಿಗಳು ಬಾಗಿಲು ಹಾಕಿದವು. ಗಂಧರ್ವ ಮಂಡಳಿಯ ಆಟವೂ ಕೆಲಕಾಲ ನಿಂತಿತು. ಬಾಲಗಂಧರ್ವರು ಪ್ರಭಾತ್ ಅನ್ನುವ ಸಿನಿಮಾ ಕಂಪನಿಗೆ ಹೋಗಿ ಶಾಂತಾರಾಮರ ಧರ್ಮಾತ್ಮಾ ಚಿತ್ರದಲ್ಲಿ ಸಂತ ಏಕನಾಥರ ಪಾತ್ರ ಮಾಡಿದರು. 1935ರ ಚಿತ್ರ ಅದು. ಗಂಡಸಿನ ಪಾತ್ರ. ಕ್ಯಾಮೆರಾದ ಮುಂದೆ ತುಂಡು ತುಂಡಾಗಿ ನಟಿಸುವುದು ಅವರಿಗೆ ಒಗ್ಗಲಿಲ್ಲ. ಎದುರಿಗೆ ಜನ ಇಲ್ಲದೆ, ವನ್ಸ್ ಮೋರ್ ಇಲ್ಲದೆ ಯಾರಿಗಾಗಿ ಹಾಡುವುದು? ಒಂದೇ ಚಿತ್ರಕ್ಕೆ ಹೊರಬಂದರು. 1937ರಲ್ಲಿ ಸಾಧ್ವಿ ಮೀರಾಬಾಯಿ ಚಿತ್ರ ಮಾಡಿದರು. ಅದೂ ಕೈಹಿಡಿಯಲಿಲ್ಲ.

ಆಗ ಅವರಿಗೆ ಐವತ್ತರ ಹತ್ತಿರ. ಮೈ ದಪ್ಪವಾಗಿತ್ತು. ಹದಿನಾರರ ರುಕ್ಮಿಣಿಯಾಗಿ ಬರಬೇಕು. ಧ್ವನಿ ಇನ್ನೂ ಚೆನ್ನಾಗಿಯೇ ಇತ್ತು. ಹಾಡುವ ನಟನ ಕಷ್ಟ ಇದೇ. ಗವಾಯಿಗೆ ವಯಸ್ಸಾದಷ್ಟೂ ಬೆಲೆ. ಮನಸೂರರ ಎಪ್ಪತ್ತರ ಹಾಡು ಕೇಳಿ, ಯಾರಿಗಾದರೂ ಅವರ ಸುಕ್ಕು ಕಾಣುತ್ತದೆಯೇ? ನಟನಿಗೆ ಆ ಪುಣ್ಯ ಇಲ್ಲ. ಅದರಲ್ಲೂ ಹೆಣ್ಣು ಪಾರ್ಟಿನ ನಟನಿಗೆ. ಇತ್ತ ರಂಗಕ್ಕೆ ಹೆಂಗಸರೂ ಬಂದಿದ್ದರು. ಹೀರಾಬಾಯಿ ಬಡೋದೆಕರರು ಬಂದಿದ್ದರು, ಜ್ಯೋತ್ಸ್ನಾ ಭೋಳೆಯವರು ಬಂದಿದ್ದರು. ನಮ್ಮ ಕನ್ನಡದ ಕಂಪನಿಗಳಲ್ಲಿ ಹೆಂಗಸರು ಅದಕ್ಕೂ ಮೊದಲೇ ಬಣ್ಣ ಹಚ್ಚಿದ್ದರು. ಲಕ್ಷ್ಮೇಶ್ವರದ ಬಚ್ಚಾಸಾನಿಯವರು ತಾವೇ ಕಂಪನಿ ಕಟ್ಟಿ ನಡೆಸಿದವರು. ನಿಜವಾದ ಹೆಂಗಸು ಹೆಣ್ಣು ಪಾರ್ಟು ಮಾಡುವಾಗ ಗಂಡಸಿನ ಹೆಣ್ಣು ಪಾರ್ಟಿಗೆ ಎಷ್ಟು ದಿನ ಜಾಗ ಇರುತ್ತದೆ?

1938ರಲ್ಲಿ ಗೋಹರಬಾಯಿ ಬಂದದ್ದು ಇಂಥ ಹೊತ್ತಿಗೆ. ಬಿದ್ದ ಮನೆಗೆ.

ಅವರ ಕಥೆ ಬೇರೆಯದೇ. ಬೀಳಗಿಯ ಮುಸ್ಲಿಂ ಮನೆತನ. ಮನೆಯಲ್ಲೇ ಹಾಡು, ನಾಟಕ ಇತ್ತು. ಗೋಹರ ಮತ್ತು ತಂಗಿ ಅಮೀರ ಇಬ್ಬರೂ ಚಿಕ್ಕವರಿರುವಾಗಲೇ ಕನ್ನಡ ಕಂಪನಿಗಳಲ್ಲಿ ಬಣ್ಣ ಹಚ್ಚಿದರು. ಆಮೇಲೆ ಮುಂಬೈಗೆ ಹೋದರು. ಇಬ್ಬರ ಹೆಸರಿನ ಮುಂದೂ 'ಕರ್ನಾಟಕಿ' ಅಂತ ಸೇರಿತು. ಕರ್ನಾಟಕ ಅನ್ನುವ ರಾಜ್ಯ ಇನ್ನೂ ಇಲ್ಲದ ಕಾಲದಲ್ಲಿ ಇಬ್ಬರು ಹೆಣ್ಣುಮಕ್ಕಳು ಆ ಹೆಸರು ಹೊತ್ತು ಮುಂಬೈಯಲ್ಲಿ ಓಡಾಡಿದರು. ಇದನ್ನು ನೆನೆದಾಗ ನನಗೆ ಹೆಮ್ಮೆಯಿಂದ ಗಂಟಲು ಕಟ್ಟುತ್ತದೆ.

ಗೋಹರಬಾಯಿ ಬಾಲಗಂಧರ್ವರು ಹಾಡುವ ರೀತಿಯನ್ನು ಕೇಳಿ ಕೇಳಿ ಮೈಗೂಡಿಸಿಕೊಂಡವರು. ಅದು ಸುಲಭ ಅಲ್ಲ. ಆಗಿನ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಅಷ್ಟೇ. ರಂಗದ ಮೇಲೆ ಅರ್ಧ ತಾಸು ಬೆಳೆಯುತ್ತಿದ್ದ ಪದವನ್ನು ಬಾಲಗಂಧರ್ವರು ಮೂರು ನಿಮಿಷದಲ್ಲಿ ಕೂರಿಸಿರುತ್ತಿದ್ದರು. ಆ ಮೂರು ನಿಮಿಷದಿಂದ ಒಬ್ಬರ ಉಸಿರಿನ ಲೆಕ್ಕ, ಅಕ್ಷರದ ಮೇಲೆ ಕೊಡುವ ಒತ್ತು, ತಾನು ಎಲ್ಲಿ ಸಣ್ಣಗೆ ಬಿಡಬೇಕು ಅನ್ನುವುದನ್ನೆಲ್ಲ ಹಿಡಿಯಬೇಕು. ಅದೂ ಮನೆಮಾತಲ್ಲದ ಮರಾಠಿಯಲ್ಲಿ. ನಾನೂ ಸ್ವಲ್ಪ ಹಾಡು ಕಲಿತವಳು. ಒಂದೇ ತಟ್ಟೆಯನ್ನು ಒಂದು ಇಡೀ ಮಳೆಗಾಲ ಹಚ್ಚಿ ಪ್ರಯತ್ನಪಟ್ಟಿದ್ದೇನೆ. ಮೊದಲ ಸಾಲಿನಿಂದ ಮುಂದೆ ಹೋಗಲು ನನ್ನಿಂದ ಆಗಲಿಲ್ಲ. ಅದಕ್ಕೇ ಅವರನ್ನು ಯಾರಾದರೂ ನಕಲು ಅಂದರೆ ನನಗೆ ಸಹಿಸಲು ಆಗುವುದಿಲ್ಲ. ಶಿಷ್ಯ ಗುರುವಿನ ಹಾಗೆ ಹಾಡಿದರೆ ಘರಾಣೆ ಅನ್ನುತ್ತೇವೆ. ಬೀಳಗಿಯ ಹೆಂಗಸು ಹಾಡಿದರೆ ಮಾತ್ರ ನಕಲು ಯಾಕೆ?

ಅವರು ಮಂಡಳಿಗೆ ಬಂದ ಮೇಲೆ ಹೆಣ್ಣು ಪಾರ್ಟು ಅವರದಾಯಿತು. ಬಾಲಗಂಧರ್ವರು ಗಂಡು ಪಾರ್ಟಿಗೆ ಬಂದರು. ಜನ ಒಪ್ಪಲಿಲ್ಲ. ಅವರಿಗೆ ತಮ್ಮ ಭಾಮಿನಿಯೇ ಬೇಕು, ತಮ್ಮ ರುಕ್ಮಿಣಿಯೇ ಬೇಕು. ವಯಸ್ಸಾಗಿದ್ದರೂ ಸರಿ, ಅದೇ ಮುಖ ಬೇಕು. ಮತ್ತೆ ಅವರು ಸೀರೆ ಉಡಬೇಕಾಯಿತು. ಆ ಜನರ ಪ್ರೀತಿಯನ್ನು ನಾನು ಹಗುರ ಮಾಡುವುದಿಲ್ಲ. ಮೂವತ್ತು ವರ್ಷ ನೋಡಿದ ಮುಖ. ಆದರೆ ಆ ಪ್ರೀತಿಯೇ ಅವರನ್ನು ಬೇರೆ ಪಾತ್ರಕ್ಕೆ ಹೋಗಲು ಬಿಡಲಿಲ್ಲ ಅನ್ನುವುದೂ ನಿಜ. ಆ ಸಿಟ್ಟನ್ನೆಲ್ಲ ಜನ ಪಕ್ಕದಲ್ಲಿ ನಿಂತ ಹೆಂಗಸಿನ ಮೇಲೆ ಹಾಕಿದರು. ಆಕೆ ಹೊರಗಿನವಳು. ಮುಸ್ಲಿಂ. ನಾಟಕದ, ಹಾಡಿನ ಮನೆತನದವಳು. ದೂರುವುದಕ್ಕೆ ಇದಕ್ಕಿಂತ ಹೆಚ್ಚು ಏನು ಬೇಕಿತ್ತು?

1940ರಲ್ಲಿ ಲಕ್ಷ್ಮೀಬಾಯಿಯವರು ತೀರಿಕೊಂಡರು. ಅವರ ಮನೆಯವರು ನೊಂದಿದ್ದರೆ ಆ ನೋವು ನೋವಲ್ಲ ಅಂತ ನಾನು ಹೇಳಲಾರೆ. ಮಗಳು ಸತ್ತ ದಿನವೂ ಗಂಡನನ್ನು ರಂಗಕ್ಕೆ ಬಿಟ್ಟುಕೊಟ್ಟ ತಾಯಿ ಅವರು. ಇಲ್ಲಿ ಒಬ್ಬ ಹೆಂಗಸನ್ನು ಎತ್ತಲು ಇನ್ನೊಬ್ಬರನ್ನು ಇಳಿಸುವ ಆಸೆ ನನಗಿಲ್ಲ. ಬಾಲಗಂಧರ್ವರು ಮತ್ತು ಗೋಹರಬಾಯಿ ಮದುವೆಯಾದದ್ದು 1951ರಲ್ಲಿ.

ಒಂದನ್ನು ಯೋಚಿಸಿ. 1943ರಲ್ಲಿ ಕಿಸ್ಮತ್ ಚಿತ್ರ ಬಂತು. ಅದರಲ್ಲಿ ಅಮೀರಬಾಯಿ ಹಾಡಿದ ಹಾಡುಗಳು ದೇಶದ ತುಂಬ ಓಡಿದವು. ಮರುವರ್ಷ ರತನ್. ಹಿಂದಿ ಚಿತ್ರಗೀತೆಯಲ್ಲಿ ಅಮೀರಬಾಯಿಯವರದು ದೊಡ್ಡ ಹೆಸರು. ವಿಜಯಪುರದಲ್ಲಿ ಅವರ ಹೆಸರಿನ ಅಮೀರ್ ಟಾಕೀಸು ನಮ್ಮ ಅಜ್ಜಿಯ ಬಾಯಲ್ಲಿ ಊರಿನ ಗುರುತೇ ಆಗಿತ್ತು. "ಅಮೀರ್ ಟಾಕೀಸ್ ಹತ್ರ ಇಳಿ" ಅನ್ನುತ್ತಿದ್ದಳು. ಅದೇ ವರ್ಷಗಳಲ್ಲಿ ಅಕ್ಕ ಗೋಹರ ಏನು ಮಾಡುತ್ತಿದ್ದರು? ಇಳಿಯುತ್ತಿದ್ದ ಕಂಪನಿಯ ಜೊತೆ ಊರೂರು ಅಲೆಯುತ್ತಿದ್ದರು. ದುಡ್ಡಿಗಾಗಿ ಬಂದಳು ಅನ್ನುವವರು ಇದಕ್ಕೆ ಉತ್ತರ ಹೇಳಬೇಕು. ದುಡ್ಡು ಬೇಕಿದ್ದರೆ ದಾರಿ ತಂಗಿಯ ಮನೆಯಲ್ಲೇ ಇತ್ತು.

ಕೊನೆಕೊನೆಗೆ ಬಾಲಗಂಧರ್ವರ ಕಾಲುಗಳ ಬಲ ಹೋಯಿತು. ನಿಂತು ಅಭಿನಯಿಸಲು ಆಗದು. ಕೂತು ಅಭಂಗ, ಭಜನೆ ಹಾಡಿದರು. ಒಂದು ಕಾಲಕ್ಕೆ ಅವರ ಸೀರೆಯ ನೆರಿಗೆ ನೋಡಲು ಜನ ಮೈಲಿಗಟ್ಟಲೆ ಬರುತ್ತಿದ್ದರು. ಈಗ ಅವರನ್ನು ಎತ್ತಿ ಕೂರಿಸಬೇಕು. ಆ ವರ್ಷಗಳಲ್ಲಿ ಜೊತೆಗಿದ್ದವರು ಗೋಹರಬಾಯಿ. 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂತು, 1964ರಲ್ಲಿ ಪದ್ಮಭೂಷಣ ಬಂತು. ಪದ್ಮಭೂಷಣ ಬಂದ ವರ್ಷವೇ ಗೋಹರಬಾಯಿ ತೀರಿಕೊಂಡರು. ಮರುವರ್ಷ ತಂಗಿ ಅಮೀರಬಾಯಿ. 1967ರ ಜುಲೈ 15ರಂದು ಬಾಲಗಂಧರ್ವರು.

ಪುಣೆಯ ಜಂಗ್ಲಿ ಮಹಾರಾಜ ರಸ್ತೆಯಲ್ಲಿ ಬಾಲಗಂಧರ್ವ ರಂಗಮಂದಿರ ಇದೆ. 1962ರಲ್ಲಿ ಅಡಿಗಲ್ಲು ಇಟ್ಟವರು ಅವರೇ. ತೆರೆದದ್ದು 1968ರಲ್ಲಿ, ಅವರು ಹೋದ ಮರುವರ್ಷ. ಅಲ್ಲಿ ಗೋಪಾಳ ದೇವುಸ್ಕರರು ಬರೆದ ಎರಡು ದೊಡ್ಡ ಚಿತ್ರಗಳಿವೆ. ಒಂದರಲ್ಲಿ ಗಂಡಸಿನ ಉಡುಪಿನ ನಾರಾಯಣರಾವ್. ಇನ್ನೊಂದರಲ್ಲಿ ಸೀರೆ ಉಟ್ಟ ಬಾಲಗಂಧರ್ವ. ನಾನು ಅಲ್ಲಿಗೆ ಹೋದಾಗಲೆಲ್ಲ ಎರಡರ ಮುಂದೂ ತುಂಬ ಹೊತ್ತು ನಿಂತಿದ್ದೇನೆ. ಒಬ್ಬ ಮನುಷ್ಯ ಇಬ್ಬರಾಗಿ ಬದುಕಿದ್ದು ಎದುರಿಗೇ ಕಾಣುತ್ತದೆ.

ಅವರ ಗಾಯನವನ್ನು ಮುಂದಿನವರಿಗೆ ಹೊಸದಾಗಿ ತೋರಿಸಿದವರಲ್ಲಿ ನಮ್ಮವರೇ ಒಬ್ಬರಿದ್ದಾರೆ. ಬೆಳಗಾವಿ ಹತ್ತಿರದ ಸುಳೇಭಾವಿಯ ಶಿವಪುತ್ರಪ್ಪ ಕೊಂಕಾಳಿಮಠ, ಅಂದರೆ ಕುಮಾರ ಗಂಧರ್ವರು. ನನಗೆ ತಿಳಿದ ಬಾಲಗಂಧರ್ವ ಅನ್ನುವ ಅರ್ಥದ ಹೆಸರಿಟ್ಟು ಒಂದು ಕಾರ್ಯಕ್ರಮವನ್ನೇ ಮಾಡಿದರು. ಅದರಲ್ಲಿ ಕುಮಾರರು ಅವರ ಹಾಗೆ ಹಾಡುವುದಿಲ್ಲ. ತಮ್ಮ ಹಾಗೆಯೇ ಹಾಡುತ್ತಾರೆ. ಆದರೂ ಪ್ರತಿ ತಿರುವಿನಲ್ಲಿ ಒಂದು ಕೈಮುಗಿಯುವಿಕೆ ಇದೆ. ನನಗೆ ಅದೂ ಇಷ್ಟ, ಗೋಹರಬಾಯಿಯವರದೂ ಇಷ್ಟ.

ಪುಣೆಯ ಆ ಮಾತನ್ನು ಒಮ್ಮೆ ಅಜ್ಜಿಗೆ ಹೇಳಿದೆ. ಆಗ ಅವಳಿಗೆ ಎಂಬತ್ತು ದಾಟಿತ್ತು. ಅಕ್ಕಿ ಆರಿಸುತ್ತ ಕೂತಿದ್ದಳು. ಮೊರದಿಂದ ತಲೆ ಎತ್ತದೆ ಹೇಳಿದಳು. "ಗಾಡಿ ಕೆಟ್ಟದ್ದು ಯಾವಾಗೋ. ಕೊನೀಗೆ ಹತ್ತಿ ದೂಡಿದಾಕಿ ಮ್ಯಾಲ ತಪ್ಪು ಹಾಕ್ತಾರ. ನಿಮ್ಮ ಅಜ್ಜ ಇದ್ದಿದ್ರ ಅವರಿಗೆ ಸರಿಯಾಗಿ ಹೇಳತಿದ್ರು." ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, "ಆ ತಟ್ಟೀ ಇನ್ನೂ ಹತ್ತತೈತೇನು?"

ಹತ್ತುತ್ತಿತ್ತು. ಗೆಳತಿಯೊಬ್ಬಳ ನೆರವಿನಿಂದ ಟ್ರಂಕಿನ ತಟ್ಟೆಗಳನ್ನೆಲ್ಲ ಫೋನಿಗೆ ಇಳಿಸಿಕೊಂಡೆ. ಕರಕರ ಸದ್ದು ತುಂಬ ಇದೆ. ಆ ಸದ್ದಿನ ಹಿಂದೆ ಧ್ವನಿ ಇನ್ನೂ ಗಟ್ಟಿಯಾಗಿದೆ.

ಹೋದ ವರ್ಷ ಕೆಲಸವೊಂದಕ್ಕೆ ಬೀಳಗಿಗೆ ಹೋಗಿದ್ದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಸ್ಟ್ಯಾಂಡಿನ ಹತ್ತಿರ ಚಹಾದಂಗಡಿಯಲ್ಲಿ ಕೂತೆ. ಅಂಗಡಿಯ ಚಾಚಾ ವಯಸ್ಸಾದವರು. ಗಿರಾಕಿ ಯಾರೂ ಇರಲಿಲ್ಲ. ಕೇಳಲೋ ಬೇಡವೋ ಅಂದುಕೊಳ್ಳುತ್ತಲೇ ಫೋನು ತೆಗೆದು ಗೋಹರಬಾಯಿಯವರ ಪದ ಹಚ್ಚಿದೆ. ಚಾಚಾ ಸೋಸುವ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ನಿಂತರು. ಮೂರು ನಿಮಿಷ ಮುಗಿಯಿತು.

"ಯಾರದವ್ವಾ ಧ್ವನಿ?" ಅಂದರು.

"ನಿಮ್ಮೂರಿನವರದೇ ರೀ. ಗೋಹರಬಾಯಿ ಅಂತ."

ಅವರು ಆ ಹೆಸರನ್ನು ಬಾಯಲ್ಲೇ ಒಮ್ಮೆ ಹೇಳಿ ನೋಡಿದರು. ಸ್ಟವ್ ಸಣ್ಣ ಮಾಡಿ ಬಂದು ನನ್ನ ಎದುರಿನ ಬೆಂಚಿನ ಮೇಲೆ ಕೂತರು.

"ಇನ್ನೊಮ್ಮೆ ಹಚ್ಚವ್ವಾ," ಅಂದರು.